ಅಪ್ಪನ ಹಾಳಾಗದ ಕೋಟು

ಡೊಂಬಿವಲಿಯ ಪಕ್ಕದ ಕಲ್ಯಾಣದ ಕ್ರೈಸ್ತ ಸ್ಮಶಾನದಲ್ಲಿ, ಗೇಟಿನ ಒಳಗೆ ಹೋದರೆ ಎಡಗಡೆಯ ಆರನೆಯ ಸಾಲಿನಲ್ಲಿ, ನನ್ನ ಅಪ್ಪನ ಸಮಾಧಿಯ ತಲೆಯ ಬದಿಗೆ ನಾನು ನಿಂತಿದ್ದೆ. ಕಳೆದ ವರ್ಷದ ಜನವರಿ, ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತು ನಿಮಿಷ. ನನ್ನ ಬಲಕ್ಕೆ ಒಂದು ಬೇವಿನ ಮರವಿತ್ತು. ಅದರ ನೆರಳು ಅಗೆಯುತ್ತಿದ್ದ ಹೊಂಡದ ಅರ್ಧಕ್ಕೆ ಬಿದ್ದಿತ್ತು. ಹೊಂಡದ ಅಂಚಿಗೂ ನನ್ನ ಚಪ್ಪಲಿಗೂ ನಡುವೆ ಒಂದೂವರೆ ಅಡಿ. ಇಷ್ಟು ಸರಿಯಾಗಿ ಯಾಕೆ ಬರೆಯುತ್ತೇನೆಂದರೆ, ಮುಂದೆ ಹೇಳುವುದನ್ನು ನಾನು ಯಾರಿಂದಲೋ ಕೇಳಿದ್ದಲ್ಲ, ದೂರದಿಂದ ನೋಡಿದ್ದೂ ಅಲ್ಲ.

ಊರಲ್ಲಿ, ಉಡುಪಿಯ ಕಡೆ, ನಮ್ಮ ಸಭೆಯವರ ಸಮಾಧಿಗಳು ಮಾಡಿದಲ್ಲೇ ಇರುತ್ತವೆ. ಪಾಚಿ ಕೆರೆದರೆ ಅಜ್ಜನ ಅಜ್ಜನ ಹೆಸರನ್ನೂ ಓದಬಹುದು. ಇಲ್ಲಿ ಹಾಗಲ್ಲ. ಬದುಕಿರುವವರಿಗೇ ಜಾಗ ಸಾಲದ ಕಡೆ ಸತ್ತವರಿಗೆ ಎಲ್ಲಿಂದ ತರುವುದು. ಹೂಳಿ ಎರಡೂವರೆ ವರ್ಷವಾದ ಮೇಲೆ, ಆ ಸಾಲಿನ ಸರದಿ ಬಂದಾಗ, ಸಮಾಧಿಯನ್ನು ತೆರೆದು ಎಲುಬುಗಳನ್ನು ತೊಳೆದು ಬಿಳಿ ಬಟ್ಟೆಯಲ್ಲಿ ಕಟ್ಟಿ ಮನೆಯವರ ಕೈಗೆ ಕೊಡುತ್ತಾರೆ. ಕಾಂಪೌಂಡಿನ ಗೋಡೆಯಲ್ಲಿ ಸಾಲಾಗಿ ಗೂಡುಗಳಿವೆ. ಬೇಕಾದವರು ಒಂದು ಗೂಡಿನಲ್ಲಿ ಇಟ್ಟು ಮುಂದೆ ಹೆಸರಿನ ಕಲ್ಲು ಕೂರಿಸುತ್ತಾರೆ. ಉಳಿದವರದ್ದು ಹಿಂದಿನ ಮೂಲೆಯ ಬಾವಿಗೆ. ಬಾವಿ ಎಂದು ಹೆಸರು ಮಾತ್ರ, ಅದರಲ್ಲಿ ನೀರಿಲ್ಲ. ಎಲ್ಲರ ಎಲುಬೂ ಒಟ್ಟಿಗೆ ಸೇರುವ ಆಳದ ಹೊಂಡ, ಮೇಲೆ ಕಬ್ಬಿಣದ ಮುಚ್ಚಳ. ಖಾಲಿಯಾದ ಸಮಾಧಿಗೆ ಇನ್ನೊಬ್ಬರು ಬರುತ್ತಾರೆ.

ಅಪ್ಪ ಟೈಲರ್. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಗಲ್ಲಿಯಲ್ಲಿ ಎರಡು ಮೆಷಿನ್ನಿನ ಅಂಗಡಿ. ನಮ್ಮ ಊರಿನವರ ಹೋಟೆಲುಗಳಿಗೆ ವೇಟರುಗಳ ಯೂನಿಫಾರಂ, ಶಾಲೆಯ ಮಕ್ಕಳ ಚಡ್ಡಿ, ವರ್ಷಕ್ಕೆ ಹತ್ತು ಹದಿನೈದು ಮದುವೆ ಸೂಟು. ಹೆಮ್ಮಿಂಗ್ ಮತ್ತು ಕಾಜದ ಕೆಲಸ ಅಮ್ಮನದ್ದು. ಬಟನ್ ತೂರಿಸುವ ಸೀಳಿನ ಸುತ್ತ ಕೈಯಿಂದ ಒತ್ತಾಗಿ ಹೊಲಿಯುವುದಕ್ಕೆ ಕಾಜ ಹಾಕುವುದು ಎನ್ನುತ್ತಾರೆ. ಅಡುಗೆ ಮುಗಿಸಿ, ಕಿಟಕಿಯ ಹತ್ತಿರ ಕೂತು, ಬಲಗೈಯ ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಂಡು ಅವಳು ಹಾಕಿದ ಕಾಜಗಳನ್ನು ಯಾರೂ ಎಣಿಸಿಲ್ಲ. ಬಟ್ಟೆ ಹರಿದರೂ ಕಾಜ ಹರಿಯಬಾರದು ಎಂಬುದು ಅವಳ ಲೆಕ್ಕ.

ಅಂಗಡಿ ಮುಚ್ಚಿದ ವರ್ಷ ಅಪ್ಪ ಕೊನೆಯದಾಗಿ ತಮಗೇ ಒಂದು ಸೂಟು ಹೊಲಿದರು. ಕಡು ನೀಲಿ ಟೆರಿಲಿನ್, ಹೊಲಿಗೆಯ ನೂಲೂ ಅದರದ್ದೇ. ಅಮ್ಮನ ಕೈಗೆ ಕಾಜ ಹಾಕಲಿಕ್ಕೆ ಕೊಡುವಾಗ ನಾನು ಅಲ್ಲೇ ಇದ್ದೆ.

"ಯಾರ ಮದುವೆ ಉಂಟು?" ಎಂದು ಅಮ್ಮ ಕೇಳಿದಳು.

"ಮದುವೆ ಅಲ್ಲ. ಇದು ಹಾಕಿ ಕಳಿಸ್ಬೇಕು ನನ್ನನ್ನು."

"ಟೆರಿಲಿನ್ ಎಂತಕ್ಕೆ? ಸೆಕೆ ಆಗ್ತದೆ."

"ಸುಕ್ಕು ಬೀಳುದಿಲ್ಲ, ಹುಳ ತಿನ್ನುದಿಲ್ಲ. ಕಡೇ ದಿವಸ ಕರ್ತನ ತುತ್ತೂರಿ ಊದಿದ ಕೂಡ್ಲೆ ಏಳ್ಬೇಕು. ಆ ಹೊತ್ತಿಗೆ ಇಸ್ತ್ರಿಯವನನ್ನು ಎಲ್ಲಿ ಹುಡುಕುದು?"

ಅಮ್ಮ ಕೋಟನ್ನು ಎತ್ತಿ ನೋಡಿದಳು. "ಎದೆ ಒಂದಿಂಚು ದೊಡ್ಡದಾಯ್ತಲ್ಲ."

"ಅಲ್ಲಿ ಊಟ ಒಳ್ಳೇದು ಅಂತೆ."

ಹೀಗೆ ತಮಾಷೆಯಲ್ಲಿ ಶುರುವಾದರೂ ಅದು ಮನೆಯಲ್ಲಿ ಗಟ್ಟಿಯಾದ ಮಾತಾಯಿತು. ನುಸಿಗುಳಿಗೆ ಹಾಕಿದ ಪ್ಲಾಸ್ಟಿಕ್ ಚೀಲದಲ್ಲಿ ಆ ಸೂಟು ಕಪಾಟಿನಲ್ಲಿ ಹದಿಮೂರು ವರ್ಷ ನೇತಾಡಿತು. ಅಮ್ಮನಿಗೆ ಅದೊಂದು ಒಪ್ಪಂದದ ಹಾಗೆ. ಅವರು ಅದನ್ನು ತೊಟ್ಟು ಮಲಗುತ್ತಾರೆ, ಯಾರೂ ಮುಟ್ಟುವುದಿಲ್ಲ, ಕರ್ತನು ಬಂದು ಕರೆಯುವ ದಿನ ಅದೇ ಜಾಗದಿಂದ ಏಳುತ್ತಾರೆ, ಪಕ್ಕದ ಜಾಗದಿಂದ ಅವಳೂ ಏಳುತ್ತಾಳೆ. ನಿತ್ಯಜೀವ ಎಂಬ ಮಾತಿಗೆ ಅವಳ ಮನಸ್ಸಿನಲ್ಲಿ ಇದ್ದ ಚಿತ್ರ ಇದು. ನನ್ನ ಮನಸ್ಸಿನಲ್ಲಿ ಅಷ್ಟು ಸ್ಪಷ್ಟವಾದ ಚಿತ್ರವೂ ಇರಲಿಲ್ಲ. ಮುಗಿಯದ ಕಾಲ ಎಂದು ತಿಳಿದಿದ್ದೆ. ನಿಜ ಹೇಳಬೇಕೆಂದರೆ ಅದು ನನಗೆ ಸ್ವಲ್ಪ ಹೆದರಿಕೆಯ ವಿಷಯ. ಘಣಸೋಲಿಯ ಹತ್ತಿರದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ತಪಾಸಣೆಯ ಕೆಲಸ ಮಾಡಿದವನು ನಾನು. ಮುಗಿಯದೆ ಇರುವುದು ಎಂದರೆ ಏನೆಂದು ನನಗೆ ಕೆಲವು ಮಧ್ಯಾಹ್ನಗಳಲ್ಲಿ ಗೊತ್ತಾಗಿದೆ.

ಆ ಕೆಲಸದಲ್ಲಿ, ಅಳೆದು ಸರಿಯಿದ್ದರೆ ಸಹಿ, ಇಲ್ಲದಿದ್ದರೆ ಕೆಂಪು ಚೀಟಿ. ಅಳೆಯದೆ ನಾನು ಒಮ್ಮೆಯೂ ಸಹಿ ಹಾಕಲಿಲ್ಲ. ಅಪ್ಪ ತೀರಿಕೊಂಡ ದಿನ ಮಾತ್ರ, ಒಂದು ಮೇ ತಿಂಗಳ ಸಂಜೆ, ಸ್ಮಶಾನದ ಆಫೀಸಿನಲ್ಲಿ ಎರಡು ಸಹಿ ಹಾಕಿದೆ. ಒಂದು, ಎರಡೂವರೆ ವರ್ಷದ ಮೇಲೆ ಜಾಗ ಬಿಟ್ಟುಕೊಡುತ್ತೇವೆ ಎಂಬುದಕ್ಕೆ. ಅದನ್ನು ಅಮ್ಮನಿಗೆ ಹೇಳಲಿಲ್ಲ. ಇನ್ನೊಂದು, ಹೆಣಕ್ಕೆ ತೊಡಿಸಿದ್ದು ಹತ್ತಿಯ ಬಟ್ಟೆ ಎಂಬುದಕ್ಕೆ. ಟೆರಿಲಿನ್, ನೈಲಾನ್ ತೊಡಿಸಿದರೆ ದೇಹ ಬೇಗ ಮಣ್ಣಾಗುವುದಿಲ್ಲ, ಸರದಿ ಕೆಡುತ್ತದೆ ಎಂದು ಗುಮಾಸ್ತ ವಿವರಿಸಿ, "ಕಾಟನ್ ನಾ?" ಎಂದು ಕೇಳಿದ. "ಹಾಂ" ಎಂದೆ. ಹೊರಗೆ ಪೆಟ್ಟಿಗೆಯಲ್ಲಿ ಅಪ್ಪ ನೀಲಿ ಕೋಟಿನಲ್ಲಿ ಮಲಗಿದ್ದರು. ಮೂರು ಬಟನ್ನುಗಳನ್ನೂ ಅಮ್ಮನೇ ಹಾಕಿದ್ದಳು.

ನಾಲ್ಕು ತಿಂಗಳ ಮೇಲೆ ಚರ್ಚಿನಲ್ಲಿ ಒಬ್ಬ ಹೆಂಗಸು ಸಹಜವಾಗಿ ಅಮ್ಮನನ್ನು ಕೇಳಿದಳಂತೆ, ನಿಮ್ಮವರದ್ದು ತೆರೆಯುವುದು ಯಾವಾಗ ಎಂದು. ಅಮ್ಮ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನನ್ನ ಮುಂದೆ ನಿಂತಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತಮ್ಮ."

"ಸಹಿ ಹಾಕಿದ್ದು ನೀನೇ?"

"ನಾನೇ."

ಅವಳು ಚಪ್ಪಲಿ ಬಿಟ್ಟು ಒಳಗೆ ಹೋದಳು. ಬೈದಿದ್ದರೆ ಒಳ್ಳೆಯದಿತ್ತು.

ಕಲ್ಯಾಣದಲ್ಲಿ ಮರಾಠಿ ಸಭೆಯವರ ಚರ್ಚಿನಲ್ಲಿ ಭಾನುವಾರ ಹನ್ನೊಂದೂವರೆಯಿಂದ ನಮ್ಮ ಕನ್ನಡ ಆರಾಧನೆಗೆ ಜಾಗ ಕೊಟ್ಟಿದ್ದಾರೆ. ನಾವು ನಲವತ್ತು ಐವತ್ತು ಜನ. ಮನೆಯಲ್ಲಿ ತುಳು, ಹೊರಗೆ ಹಿಂದಿ, ದೇವರ ಹತ್ತಿರ ಕನ್ನಡ. ಎಲ್ಲರೂ ಎದ್ದು ನಿಂತು ವಿಶ್ವಾಸ ಪ್ರಮಾಣ ಹೇಳುವಾಗ ಅಮ್ಮನ ಧ್ವನಿ ನನ್ನ ಎಡಕಿವಿಗೆ ಯಾವಾಗಲೂ ಗಟ್ಟಿಯಾಗಿ ಕೇಳುತ್ತಿತ್ತು. ಆ ಮುಂದಿನ ಭಾನುವಾರ, ಶರೀರ ಪುನಃ ಏಳುವುದನ್ನೂ ನಿತ್ಯಜೀವವನ್ನೂ ನಂಬುತ್ತೇನೆ ಎಂದು ಹೇಳುವ ಕೊನೆಯ ಸಾಲಿಗೆ ಬಂದಾಗ, ಆ ಧ್ವನಿ ನಿಂತಿತು. ತಿರುಗಿ ನೋಡಿದೆ. ಬಾಯಿ ಮುಚ್ಚಿ ನೆಟ್ಟಗೆ ನಿಂತಿದ್ದಳು. ಆಮೇಲೆ ಕರ್ತನ ಭೋಜನಕ್ಕೆ, ರೊಟ್ಟಿ ಮತ್ತು ದ್ರಾಕ್ಷಾರಸ ತೆಗೆದುಕೊಳ್ಳಲಿಕ್ಕೆ, ಎಲ್ಲರೂ ಮುಂದೆ ಹೋದಾಗ ಅವಳು ಬೆಂಚಿನಲ್ಲೇ ಕೂತಳು. ಮುಂದಿನ ತಿಂಗಳೂ ಹಾಗೆಯೇ, ಅದರ ಮುಂದಿನ ತಿಂಗಳೂ.

ಸಣ್ಣ ಸಭೆಯಲ್ಲಿ ಒಬ್ಬರು ಏಳದಿದ್ದರೆ ಎಲ್ಲರಿಗೂ ಕಾಣುತ್ತದೆ. ಪಾಸ್ಟರು ಮನೆಗೆ ಬಂದರು. ಅವರು ಅಮ್ಮನಿಗಿಂತ ನಲವತ್ತು ವರ್ಷ ಚಿಕ್ಕವರು.

"ಅಮ್ಮ, ನಿಮ್ಮ ಮನಸ್ಸಿನಲ್ಲಿ ಏನಿದೆ?"

"ನಂಬ್ತೇನೆ ಅಂತ ಹೇಳ್ಬೇಕಾದ್ರೆ ನಂಬ್ಬೇಕಲ್ಲ ಅಯ್ಯನೋರೆ. ಎರಡೂವರೆ ವರ್ಷಕ್ಕೆ ಎಬ್ಬಿಸಿ ಬಾವಿಗೆ ಹಾಕುದಾದ್ರೆ ಕರ್ತನು ಬಂದಾಗ ಆ ಜಾಗದಲ್ಲಿ ಯಾರಿರ್ತಾರೆ? ಬೇರೆ ಯಾರೋ."

"ದೇವರಿಗೆ ಜಾಗ ಮುಖ್ಯ ಅಲ್ಲ. ನಿತ್ಯಜೀವ ಅಂದರೆ ಬರೀ ತುಂಬ ಕಾಲ ಇರುವುದು ಅಂತಲೂ ಅಲ್ಲ."

"ಮತ್ತೆ ಎಂತ?"

ಅವರು ಇಪ್ಪತ್ತು ನಿಮಿಷ ಹೇಳಿದರು. ಚೆನ್ನಾಗಿಯೇ ಹೇಳಿದರು. ಅಮ್ಮ ಪೂರ್ತಿ ಕೇಳಿ, "ಕಾಫಿ ಕುಡಿರಿ, ತಣಿತದೆ" ಎಂದಳು. ಅವರು ಹೋದ ಮೇಲೆ ನನಗೆ ಹೇಳಿದಳು: "ಹುಡುಗ ಒಳ್ಳೆಯವ. ಆದ್ರೆ ಇನ್ನೊಬ್ಬರು ಅಳತೆ ತೆಗೆದ ಅಂಗಿ ನಂಗೆ ಸರಿಯಾಗುದಿಲ್ಲ."

ಎರಡು ವರ್ಷ ಕಳೆಯಿತು. ಅವಳ ಮೂತ್ರಪಿಂಡಗಳು ಸೋಲತೊಡಗಿದವು. ಠಾಣೆ ಊರಿನ ಆಸ್ಪತ್ರೆಯ ವೈದ್ಯರು ನನ್ನೊಬ್ಬನನ್ನೇ ಒಳಗೆ ಕರೆದು, ಇನ್ನೊಂದು ವರ್ಷ ಇರುತ್ತಾರೆ ಎಂದು ಹೇಳಲಾರೆ ಎಂದರು. ಹೊರಗೆ ಬಂದಾಗ ಅಮ್ಮ, "ಹೇಳ್ಬೇಡ, ನಿನ್ನ ಮುಖದಲ್ಲಿ ಉಂಟು" ಎಂದಳು. ನನ್ನ ಚಿಂತೆ ಅವಳು ಸಾಯುವುದರದ್ದು ಅಷ್ಟಿರಲಿಲ್ಲ. ಐವತ್ತಾರು ವರ್ಷ ಅಪ್ಪನ ಪಕ್ಕದಲ್ಲಿ ಮೊಣಕಾಲೂರಿ ಆ ರೊಟ್ಟಿ ತೆಗೆದುಕೊಂಡವಳು, ಕರ್ತನ ಭೋಜನದ ಮೇಜಿಗೆ ಬೆನ್ನು ಹಾಕಿ ಹೋಗುತ್ತಾಳೆ, ಅದಕ್ಕೆ ಕಾರಣ ನಾನು ಬಚ್ಚಿಟ್ಟ ಒಂದು ಕಾಗದ ಎಂಬುದು.

ಡಿಸೆಂಬರಿನಲ್ಲಿ ಸ್ಮಶಾನದಿಂದ ಫೋನು ಬಂತು, ಆರನೆಯ ಸಾಲಿನ ಸರದಿ ಎಂದು. ನಾನು ಈ ಸಲವೂ ಅಮ್ಮನಿಗೆ ಹೇಳಬಾರದೆಂದು ನಿಶ್ಚಯಿಸಿದೆ. ಮುಖ್ಯ ಕಾರಣ ಆ ಕೋಟು. ಟೆರಿಲಿನ್‌ನಲ್ಲಿ ಹೂಳಿದವರನ್ನು ನಾಲ್ಕು ವರ್ಷದ ಮೇಲೆ ತೆರೆದಾಗಲೂ ಪೂರ್ತಿ ಮಣ್ಣಾಗಿರಲಿಲ್ಲ ಎಂಬ ಕಥೆಗಳನ್ನು ಅಷ್ಟರಲ್ಲಿ ಕೇಳಿದ್ದೆ. ಅದನ್ನು ಅವಳು ನೋಡಿದರೆ ಪ್ರಮಾಣದ ಆ ಕೊನೆಯ ಸಾಲನ್ನು ಇನ್ನೆಂದೂ ಹೇಳಲಾರಳು. ನಾನೊಬ್ಬನೇ ಹೋಗಿ, ಕೆಲಸ ಮುಗಿಸಿ, ಗೂಡಿನಲ್ಲಿಟ್ಟು, ಹೆಸರಿನ ಕಲ್ಲು ಕೂರಿಸಿದ ಮೇಲೆ ಅವಳನ್ನು ಕರೆದುಕೊಂಡು ಹೋಗಿ ತೋರಿಸುವುದೆಂದು ಮಾಡಿದ್ದೆ. ಜೊತೆಗೆ ಬರಲಿಕ್ಕೆ ಕೆಳಗಿನ ಮಹಡಿಯ ಮಾಮನನ್ನು ಕೇಳಿದೆ. ಅವರು ಕುಂದಾಪುರದ ಕಡೆಯವರು, ಸ್ಟೇಷನ್ ಹತ್ತಿರದ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದು ನಿವೃತ್ತರಾದವರು. ಅವರ ವೇಟರುಗಳ ಅಂಗಿ ಹೊಲಿಯುತ್ತಲೇ ಅಪ್ಪನಿಗೆ ಸ್ನೇಹಿತರಾದವರು.

"ನಮ್ಮಲ್ಲಿ ಒಂದು ಸಲ ಬೆಂಕಿ ಕೊಟ್ರೆ ಮುಗೀತು ಮಾರಾಯ," ಎಂದರು ಮಾಮ. "ನಿಮ್ಮದು ಎರಡೆರಡು ಸಲ. ಆಯ್ತು, ಬರ್ತೇನೆ. ಅವನು ನನ್ನ ಷಷ್ಟಿಪೂರ್ತಿಗೆ ಬಂದು ಎರಡು ಹೋಳಿಗೆ ತಿಂದವ."

ಗುಟ್ಟು ರಟ್ಟಾದದ್ದು ಅವರಿಂದಲೇ. ಶುಕ್ರವಾರ ಬಾಗಿಲಿಗೆ ಬಂದು, "ನಾಳೆ ಎಷ್ಟು ಗಂಟೆಗೆ ಮಣ್ಣು ತೆಗೆಯುದು?" ಎಂದು ಕೇಳಿದರು. ಬಾಗಿಲು ತೆರೆದದ್ದು ಅಮ್ಮ.

ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಾನು ಎದ್ದು ಬಂದಾಗ ಅಮ್ಮ ಬಿಳಿ ಸೀರೆ ಉಟ್ಟು, ತಲೆ ಬಾಚಿ, ವಾಕರನ್ನು ಮುಂದಿಟ್ಟುಕೊಂಡು ಕುರ್ಚಿಯಲ್ಲಿ ಕೂತಿದ್ದಳು.

"ಹೆಂಗಸರು ಬರುದಿಲ್ಲಮ್ಮ ಅಲ್ಲಿಗೆ."

"ಯಾರು ಹೇಳಿದ್ದು? ಕರ್ತನ ಖಾಲಿ ಸಮಾಧಿ ಮೊದಲು ನೋಡಿದ್ದು ಹೆಂಗಸರೇ."

ನನ್ನ ಹೆಂಡತಿ ನೋಡಲಿಕ್ಕೆ ಧೈರ್ಯವಿಲ್ಲವೆಂದು ಮನೆಯಲ್ಲಿ ಉಳಿದಳು. ಘಣಸೋಲಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಮಗಳು ರಜೆ ಹಾಕಿ ಅಜ್ಜಿಯ ಜೊತೆ ಹೊರಟಳು. ಎರಡು ರಿಕ್ಷಾ ಮಾಡಿಕೊಂಡು ಹೋದೆವು. ದಾರಿಯಲ್ಲಿ ನಾನು ಅಮ್ಮನಿಗೆ ಎರಡನೆಯ ಸಹಿಯ ವಿಷಯವನ್ನೂ ಹೇಳಿದೆ. ಹತ್ತಿ ಎಂದು ಬರೆಸಿದ್ದೆ ಎಂದೆ. ಅವಳು ರಿಕ್ಷಾದ ಕಂಬಿ ಹಿಡಿದು ಹೊರಗೆ ನೋಡುತ್ತಿದ್ದಳು. "ಮತ್ತೆಂತ ಬಚ್ಚಿಟ್ಟಿದ್ದಿ?" ಎಂದು ಕೇಳಿದಳು. ಇನ್ನೇನೂ ಇಲ್ಲ ಎಂದೆ. "ಸರಿ" ಎಂದಳು.

ಅಗೆಯುವವನು ಕಲಬುರಗಿ ಕಡೆಯವನು, ಐವತ್ತರ ಹತ್ತಿರದವನು. ನಾವು ತಲುಪಿದಾಗ ಸೊಂಟದವರೆಗೆ ಹೊಂಡದಲ್ಲಿದ್ದ. ಬೇವಿನ ಮರದ ಕೆಳಗೆ ಅಮ್ಮನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆವು. ಎಂಟು ನಲವತ್ತಕ್ಕೆ ಅವನ ಸನಿಕೆ ಕೊಳೆತ ಹಲಗೆಗೆ ತಾಗಿತು. ಹಲಗೆಯ ಚೂರುಗಳನ್ನು ಕೈಯಿಂದ ಎತ್ತಿ ಬದಿಗಿಟ್ಟು, ಮಣ್ಣು ಸರಿಸಿದ. ನೀಲಿ ಕಂಡಿತು. ಅವನು ಕೆಲಸ ನಿಲ್ಲಿಸಿದ.

"ಸಾಹೇಬ್ರ, ಫಾರಂದಾಗ ಏನ್ ಬರ್ಸಿದ್ರಿ?"

"ಹತ್ತಿ ಅಂತ."

"ಹತ್ತಿ ಹಿಂಗ ಇರ್ತದೇನ್ರಿ? ಇದು ಟೆರಿಲಿನ್. ಹತ್ತ್ ವರ್ಷ ಆದ್ರೂ ಹಿಂಗ ಇರ್ತದ." ಅವನು ಮೆಲ್ಲಗೆ ಮಾತಾಡುತ್ತಿದ್ದ. "ಒಳಗ ಮಣ್ಣಾಗಿರಂಗಿಲ್ರಿ. ಮುಚ್ಚಿಬಿಡ್ತೀನಿ. ಮುಂದಿನ ವರ್ಷ ಬರ್ರಿ. ಆ ಅಮ್ಮಾರ್ನ ಮೊದ್ಲು ಗೇಟಿನ ಕಡಿ ಕರ್ಕೊಂಡು ಹೋಗ್ರಿ."

ಮಗಳು ಅಜ್ಜಿಯ ಭುಜ ಹಿಡಿದಳು. "ಅಜ್ಜಿ, ಆಪ್ ಮತ್ ದೇಖೋ ನಾ, ಪ್ಲೀಸ್."

"ನೋಡ್ಲಿಕ್ಕೇ ಬಂದದ್ದು ನಾನು," ಎಂದು ಅಮ್ಮ ವಾಕರ್ ಹಿಡಿದು ಎದ್ದಳು. ಹೊಂಡದ ಅಂಚಿನವರೆಗೆ ಒಂಬತ್ತು ಹೆಜ್ಜೆ. ಬಗ್ಗಿ ನೋಡಿದಳು. "ಮುಚ್ಚಬೇಡಪ್ಪ. ಆ ಕೋಟಿಗೆ ಬಟನ್ ಹಾಕಿದ್ದು ನಾನು. ಮೇಲೆ ತಾ, ನಾನೇ ಬಿಚ್ತೇನೆ."

"ಅಮ್ಮಾರ, ಬ್ಯಾಡ್ರಿ. ನಿಮಗ ನೋಡಾಕ ಆಗಂಗಿಲ್ಲ."

"ನಿಂಗೆ ಆಗ್ತದಲ್ಲ? ನಂಗೂ ಆಗ್ತದೆ."

ಅವನು ನನ್ನನ್ನು ನೋಡಿದ. ಎರಡು ಸಲ ಬಚ್ಚಿಟ್ಟವನು ಮೂರನೆಯ ಸಲ ತಡೆಯಲಾರದೆ ನಿಂತೆ. ಮೇಲೆ ತಾ ಎಂದೆ. ಅವನು ಕೆಳಗೆ ತಾಡಪಾಲು, ಮಳೆಗೆ ಹೊದಿಸುವ ದಪ್ಪ ಹಾಳೆ, ತೂರಿಸಿದ. ಎರಡು ತುದಿ ಅವನು ಎತ್ತಿದ, ಎರಡು ತುದಿ ನಾನು ಎಳೆದೆ. ನಾನು ತಯಾರಾಗಿದ್ದ ಭಾರ ಅದಕ್ಕಿರಲಿಲ್ಲ. ಒಂದು ಬಕೆಟ್ ನೀರಿನಷ್ಟೂ ಇರಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆ ತಂದು ಅಮ್ಮನನ್ನು ಕೂರಿಸಿದೆವು. ತಾಡಪಾಲನ್ನು ಅವಳ ಪಾದದ ಮುಂದೆ ಇಟ್ಟೆವು.

ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ಕೋಟು ಪೂರ್ತಿಯಾಗಿತ್ತು. ಬಣ್ಣ ಮಣ್ಣು ಕಟ್ಟಿ ಮಾಸಿತ್ತು; ಬಟ್ಟೆ ಎಲ್ಲೂ ಹರಿದಿರಲಿಲ್ಲ. ಮೂರೂ ಬಟನ್ ಹಾಕಿದ ಹಾಗೆಯೇ ಇದ್ದವು. ಎದೆಯ ಭಾಗ ಒಳಗೆ ಕುಸಿದಿತ್ತು. ಟೈಯ ಗಂಟು, ನಾನು ಕಟ್ಟಿದ್ದು, ಬಿಚ್ಚಿರಲಿಲ್ಲ. ಪ್ಯಾಂಟಿನ ಮಡಿಕೆ ಗೆರೆ ಹಾಗೆಯೇ ಇತ್ತು. ಅಮ್ಮ ಬಗ್ಗಿ, ಮೇಲಿನ ಬಟನ್ನನ್ನು ಹೆಬ್ಬೆರಳಿನಿಂದ ತಳ್ಳಿದಳು. ಅದು ಕಾಜದಿಂದ ಹೊಸದರ ಹಾಗೆ ಹೊರಗೆ ಬಂತು. ಎರಡನೆಯದು, ಮೂರನೆಯದು. ಅವಳು ಕೋಟಿನ ಎರಡು ಬದಿಗಳನ್ನೂ ಬಾಗಿಲು ತೆರೆದ ಹಾಗೆ ತೆರೆದಳು.

ಹತ್ತಿಯ ಒಳ ಅಂಗಿ, ಶರ್ಟು, ಕೋಟಿನ ಅಸ್ತರಿ, ಯಾವುದೂ ಇರಲಿಲ್ಲ. ಕಾಫಿ ಪುಡಿಯಂಥ ಒಣ ಮಣ್ಣು. ಬೇವಿನ ಮರದ, ನೂಲಿನಂಥ ಬೇರುಗಳು. ಅವುಗಳ ನಡುವೆ ಕಂದು ಬಣ್ಣದ, ಸ್ವಚ್ಛವಾದ ಪಕ್ಕೆಲುಬುಗಳು. ಯಾವ ವಾಸನೆಯೂ ಇರಲಿಲ್ಲ. ಮೊದಲ ಮಳೆಯ ಹಿಂದಿನ ದಿನ ಅಂಗಳದಲ್ಲಿ ಇರುವಂಥ ಮಣ್ಣಿನ ವಾಸನೆ ಒಂದೇ.

"ಮಣ್ಣಾಗ್ಯದ್ರಿ," ಎಂದ ಅಗೆಯುವವನು. ಅವನಿಗೇ ಆಶ್ಚರ್ಯವಾಗಿತ್ತು. "ಏನೂ ಉಳಿದಿಲ್ಲ. ಕ್ಲೀನ್ ಅದ."

ಅಮ್ಮ ಎಲುಬುಗಳನ್ನು ನೋಡಿದಳು. ಆಮೇಲೆ ಕೋಟಿನ ಅಂಚನ್ನು ಹಿಡಿದು, ಮೇಲಿನ ಕಾಜದ ಸುತ್ತ ಹೆಬ್ಬೆರಳು ಆಡಿಸಿದಳು, ಅಂಗಡಿಯಲ್ಲಿ ಕೆಲಸ ಒಪ್ಪಿಸುವ ಮೊದಲು ನೋಡುತ್ತಿದ್ದ ಹಾಗೆ. ಕಲ್ಯಾಣ ಜಂಕ್ಷನ್ನಿನಲ್ಲಿ ಒಂದು ದೂರದ ಗಾಡಿ ಹಾರ್ನ್ ಹಾಕಿತು. ಅವಳು ಬಾಯಿಗೆ ಸೆರಗು ಹಿಡಿದಳು. ಅಳುತ್ತಾಳೆ ಎಂದು ನಾನು ಮುಂದೆ ಬಂದೆ. ಅವಳು ನಗುತ್ತಿದ್ದಳು.

"ಒಂದು ಎಳೆ ಹೋಗ್ಲಿಲ್ಲ, ನೋಡು," ಎಂದಳು. "ಅವರು ಹೇಳಿದ್ದು ಸರಿ. ಹಾಳಾಗದ ಬಟ್ಟೆ."

ಅವಳು ನನ್ನ ಕಡೆ ತಿರುಗಿದಳು.

"ಇಷ್ಟು ದಿವಸ ನಾನು ದೇವರ ಹತ್ತಿರ ಕೇಳಿದ್ದು ಇದನ್ನೇ ಮಗ. ಹಾಳಾಗ್ಬಾರ್ದು, ಇದ್ದಲ್ಲೇ ಇರ್ಬೇಕು, ಯಾರೂ ಮುಟ್ಟಬಾರ್ದು. ಸಿಕ್ಕಿತಲ್ಲ. ಕೋಟಿಗೆ ಸಿಕ್ಕಿತು." ಅವಳು ಕೋಟನ್ನು ಕೈಬಿಟ್ಟಳು. "ನಂಗೆ ಬೇಕಾದದ್ದು ಇದಲ್ಲ. ಉಳಿಯುದೇ ನಿತ್ಯಜೀವ ಆದ್ರೆ ಟೆರಿಲಿನ್ನಿಗೂ ಉಂಟು. ನಂಗೆ ಅವರು ಬೇಕು. ಅವರನ್ನು ಕೊಡುವವ ಈ ಹೊಂಡ ಕಾಯ್ತಾ ಕೂತಿಲ್ಲ. ಮೂರನೇ ದಿವಸ ಸಮಾಧಿಯಿಂದ ಎದ್ದ ಕರ್ತ ಸುತ್ತಿದ ಬಟ್ಟೆಯನ್ನು ಅಲ್ಲೇ ಬಿಟ್ಟು ಹೋದ. ನಾನು ಬಟ್ಟೆಯವಳು, ನಂಗೆ ಅದು ಮೊದಲೇ ಗೊತ್ತಾಗ್ಬೇಕಿತ್ತು."

ಆಮೇಲೆ ನನ್ನ ಕೈ ಹಿಡಿದು ಎದ್ದು ನಿಂತಳು. ವಾಕರನ್ನು ಬೇಡವೆಂದು ದೂರ ತಳ್ಳಿದಳು. ವಿಶ್ವಾಸ ಪ್ರಮಾಣವನ್ನು ಮೊದಲಿಂದ ಹೇಳತೊಡಗಿದಳು, ಮನೆಯ ಧ್ವನಿಯಲ್ಲಲ್ಲ, ಅಪ್ಪ ಪಕ್ಕದಲ್ಲಿದ್ದಾಗ ಚರ್ಚಿನಲ್ಲಿ ಇದ್ದ ಧ್ವನಿಯಲ್ಲಿ. ನಾನೂ ಜೊತೆಗೆ ಶುರುಮಾಡಿದೆ. ಅರ್ಧದಲ್ಲಿ ನಾನು ನಿಲ್ಲಿಸಿದೆ. ಅವಳು ನಿಲ್ಲಿಸಲಿಲ್ಲ. ಕೊನೆಯ ಸಾಲಿಗೆ ಬಂದಳು. ಶರೀರ ಪುನಃ ಏಳುವುದನ್ನೂ, ಎಂದಳು, ಅಪ್ಪನ ಪಕ್ಕೆಲುಬುಗಳನ್ನು ನೋಡುತ್ತಾ. ನಿತ್ಯಜೀವವನ್ನೂ, ಎಂದಳು, ಮುಖ ಎತ್ತಿ. ನಂಬುತ್ತೇನೆ ಎಂಬುದನ್ನು ಎರಡು ಸಲ ಹೇಳಿದಳು. ಪ್ರಮಾಣದಲ್ಲಿ ಅದು ಅಲ್ಲಿ ಒಂದೇ ಸಲ ಇದೆ.

ಕನ್ನಡದಲ್ಲಿ ಅದು ಬಾರದ ನನ್ನ ಮಗಳು ಆಮೆನ್ ಎಂದಳು. ಅಗೆಯುವವನು ತಲೆಗೆ ಸುತ್ತಿದ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದಿದ್ದ. ಮಾಮ ಕೈಮುಗಿದು ನಿಂತಿದ್ದರು. ಅವರ ಗಲ್ಲ ಒದ್ದೆಯಾಗಿತ್ತು. ಅದನ್ನು ಮುಚ್ಚಿಕೊಳ್ಳಲಿಕ್ಕೋ ಏನೋ ಅವರೇ ಮೊದಲು ಮಾತಾಡಿದರು.

"ಅಕ್ಕ, ಈ ಕೋಟು ಎಂತ ಮಾಡುದು? ಒಗೆದ್ರೆ ಇನ್ನೂ ಹತ್ತು ವರ್ಷ ಬರ್ತದೆ."

"ನಿಮಗೆ ಆಗುದಿಲ್ಲ. ಹೊಟ್ಟೆ ಉಂಟಲ್ಲ ನಿಮಗೆ."

"ಎದೆ ಒಂದಿಂಚು ಜಾಸ್ತಿ ಇಟ್ಟಿದ್ದಾನಂತೆ."

"ಅದು ಅಲ್ಲಿಯ ಊಟಕ್ಕೆ. ನಿಮ್ಮ ಹೋಟೆಲಿನದ್ದಕ್ಕೆ ಸಾಕಾಗುದಿಲ್ಲ."

ಅಗೆಯುವವನಿಗೂ ನಗು ಬಂತು. ಕೋಟನ್ನು ಸುಟ್ಟುಬಿಡಲಿಕ್ಕೆ ಅಮ್ಮ ಹೇಳಿದಳು. ಎಲುಬುಗಳನ್ನು ಅವನು ನೀರು ಹಾಕಿ ತೊಳೆದು ಒಂದೊಂದಾಗಿ ಕೊಟ್ಟ. ಅಮ್ಮ ಮಡಿಲಲ್ಲಿ ಹಾಸಿದ ಬಿಳಿ ಬಟ್ಟೆಗೆ ಇಟ್ಟುಕೊಂಡಳು. ಕತ್ತರಿ ಹಿಡಿದು ಸೊಟ್ಟಗಾಗಿದ್ದ ಹೆಬ್ಬೆರಳಿನ ಎಲುಬನ್ನು ಗುರುತು ಹಿಡಿದು ನನಗೆ ತೋರಿಸಿದಳು. ಗಂಟು ಕಟ್ಟಿದ ಮೇಲೆ ನಾನು ಗೋಡೆಯ ಕಡೆ ತಿರುಗಿದೆ. ಗೂಡು ಗೊತ್ತುಮಾಡಿಯಾಗಿತ್ತು, ಕಲ್ಲೂ ಕೆತ್ತಿಸಿಯಾಗಿತ್ತು.

"ಬಾವಿ ಎಲ್ಲಿ?" ಎಂದು ಕೇಳಿದಳು ಅಮ್ಮ.

"ಗೂಡು ಉಂಟಲ್ಲಮ್ಮ. ಹೆಸರಿನ ಕಲ್ಲು ಉಂಟು."

"ಎಲ್ಲರೊಟ್ಟಿಗೆ ಇರ್ಲಿ. ಅಂಗಡಿಯಲ್ಲೂ ಅವರಿಗೆ ಜನ ಬೇಕಿತ್ತು. ಕರೆಯುವವನಿಗೆ ಹೆಸರು ಗೊತ್ತುಂಟು, ಕಲ್ಲು ಓದಿ ಕರೆಯುದಿಲ್ಲ ಅವ."

ಮುಚ್ಚಳವನ್ನು ಅಗೆಯುವವನು ಎತ್ತಿದ. ಗಂಟನ್ನು ಅಮ್ಮನೇ ಇಳಿಬಿಟ್ಟಳು. ಕೆಳಗೆ ತಾಗಿದ ಸದ್ದು ನನಗೆ ಕೇಳಿಸಿತು. ಆಗ ಒಂಬತ್ತು ಗಂಟೆ ಐವತ್ತೈದು ನಿಮಿಷ. ಮನೆಗೆ ಬಂದು ಅವಳು ಎರಡು ಬಟ್ಟಲು ಗಂಜಿ ಉಂಡಳು.

ಫೆಬ್ರವರಿಯ ಮೊದಲ ಭಾನುವಾರ ಕರ್ತನ ಭೋಜನವಿತ್ತು. ಬೆಂಚಿನಿಂದ ವಾಕರ್ ಎಳೆಯುವ ಸದ್ದು ಕೇಳಿದಾಗ ಚರ್ಚಿನಲ್ಲಿ ಎಲ್ಲರೂ ತಿರುಗಿದರು. ಅವಳು ನಡುವಿನ ದಾರಿಯಲ್ಲಿ ನಡೆದು ಮುಂದೆ ಬಂದಾಗ ಪಾಸ್ಟರು ರೊಟ್ಟಿಯ ತಟ್ಟೆ ಹಿಡಿದು ಒಂದು ಕ್ಷಣ ಸುಮ್ಮನೆ ನಿಂತರು. "ಕೊಡಿ ಅಯ್ಯನೋರೆ," ಎಂದಳು ಅಮ್ಮ, "ನಿಂತು ಕಾಲು ನೋಯ್ತದೆ." ಅಂದಿನ ಕೊನೆಯ ಹಾಡನ್ನು ನಮ್ಮ ನಲವತ್ತು ಜನ ಹಾಡಿದ ಜೋರಿಗೆ, ಮುಂದಿನ ಆರಾಧನೆಗೆ ಕಾಯುತ್ತಿದ್ದ ತಮಿಳು ಸಭೆಯವರು ಹೊರಗಿನಿಂದ ಬಾಗಿಲಲ್ಲಿ ಇಣುಕಿದರು.

ಅವಳು ಆ ಮೇಲೆ ಏಳು ತಿಂಗಳು ಇದ್ದಳು. ತುಂಬ ಸಂತೋಷದಿಂದ ಇದ್ದಳು ಎಂದರೆ ಅದು ನೋವು ಇರಲಿಲ್ಲ ಎಂದಲ್ಲ. ಒಮ್ಮೆ ಆಸ್ಪತ್ರೆಯ ಮಂಚದಲ್ಲಿ ನನಗೆ ಹೇಳಿದಳು: "ನಿತ್ಯಜೀವ ಅಂದ್ರೆ ಸತ್ತ ಮೇಲೆ ಶುರುವಾಗುದು ಅಂತ ತಿಳ್ಕೊಂಡಿದ್ದೆ. ಶುರುವಾಗಿ ತುಂಬ ದಿವಸ ಆಯ್ತು. ನಾನು ಕೊನೆಯಲ್ಲಿ ಹುಡುಕ್ತಾ ಇದ್ದೆ." ಅದರ ಅರ್ಥ ನನಗೆ ಪೂರ್ತಿ ಆಗಿದೆ ಎಂದು ಸಹಿ ಹಾಕಲಾರೆ. ಆದರೆ ಮುಗಿಯದ ಕಾಲದ ಹೆದರಿಕೆ ನನ್ನಿಂದ ಹೋಗಿದೆ. ಕಾಲದ ಉದ್ದವನ್ನು ಅಳೆದು ಹೆದರಿದ್ದೆ. ಆ ಜನವರಿ ಬೆಳಿಗ್ಗೆ ಅಮ್ಮ ಮುಖ ಎತ್ತಿ ನಿಂತದ್ದಕ್ಕೆ ಉದ್ದವಿರಲಿಲ್ಲ.

ಆಗಸ್ಟಿನಲ್ಲಿ ಅವಳನ್ನು ಅದೇ ಸ್ಮಶಾನದಲ್ಲಿ, ಒಂಬತ್ತನೆಯ ಸಾಲಿನಲ್ಲಿ ಇಟ್ಟೆವು. ಅವಳೇ ಆರಿಸಿಟ್ಟಿದ್ದ ಹತ್ತಿಯ ಸೀರೆ. ಗುಮಾಸ್ತ ಕೇಳಿದಾಗ ನಿಜ ಹೇಳಿ, ಸೆರಗನ್ನು ಬೆರಳಲ್ಲಿ ಮುಟ್ಟಿ ನೋಡಿ, ಸಹಿ ಹಾಕಿದೆ.

ನಾನು ಬರೆದದ್ದನ್ನು ಪರೀಕ್ಷಿಸಬೇಕೆನ್ನುವವರಿಗೆ, ನನ್ನ ಹೊರತಾಗಿ ಅದನ್ನು ಕಂಡವರು ಇದ್ದಾರೆ. ಅಗೆಯುವವನು ಈಗಲೂ ಅಲ್ಲೇ ಕೆಲಸದಲ್ಲಿದ್ದಾನೆ. ಟೆರಿಲಿನ್ ತೊಡಿಸಬೇಡಿ ಎಂದು ಹೇಳುವಾಗಲೆಲ್ಲ ಈ ಕಥೆಯನ್ನು ಹೇಳುತ್ತಾನಂತೆ. ಮಾಮ ಹೃದಯದ ಆಪರೇಷನ್ ಆದ ಮೇಲೆ ಮಗನ ಜೊತೆ ಟಿಟ್ವಾಳಾಕ್ಕೆ ಹೋಗಿದ್ದಾರೆ; ಚೆನ್ನಾಗಿದ್ದಾರೆ, ಫೋನಿನಲ್ಲಿ ಜೋರಾಗಿ ಮಾತಾಡುತ್ತಾರೆ. ನನ್ನ ಮಗಳು ಘಣಸೋಲಿಯ ಅದೇ ಲ್ಯಾಬಿನಲ್ಲಿದ್ದಾಳೆ. ಪ್ರಮಾಣದ ಕೊನೆಯ ಸಾಲನ್ನು ಕನ್ನಡದಲ್ಲಿ ಕಲಿತಿದ್ದಾಳೆ. ಇನ್ನೊಬ್ಬಳು ನನ್ನ ಅಮ್ಮ. ಅವಳನ್ನೂ ಬದುಕಿರುವವರ ಸಾಲಿನಲ್ಲೇ ಬರೆಯುತ್ತೇನೆ.